ಕುದುರೆಯ ಲಾಯವೂ ಆದಾಯಕರವೂ

ಕುದುರೆ ಕಟ್ಟುವುದು ಸಿರಿವಂತರ ಮಾತೆಂದು ನಾವು ಕೇಳುತ್ತ ಬಂದಿದ್ದೇವೆ. ಅಮೆರಿಕದಲ್ಲಿ ಈ ಮಾತು ಕೋರ್ಟಿನ ಕಟ್ಟೆಯನ್ನೂ ಏರಿದೆ. ಅಲ್ಲಿಯ ವೈದ್ಯರೊಬ್ಬರು ಊರ ಹೊರಗೆ ಲಾಯ ಕಟ್ಟಿಸಿ, ಒಳ್ಳೆಯ ತಳಿಯ ಕುದುರೆಗಳನ್ನು ಬೆಳೆಸುತ್ತಾರೆನ್ನೋಣ. ವರ್ಷವರ್ಷವೂ ನಷ್ಟ. ಆ ನಷ್ಟವನ್ನು ವೈದ್ಯವೃತ್ತಿಯ ಸಂಪಾದನೆಯಲ್ಲಿ ಕಳೆದು, ಮಿಕ್ಕದ್ದಕ್ಕಷ್ಟೇ ಕರ ಕೊಡುವೆನೆಂದರೆ ಸರಕಾರ ಒಪ್ಪಬೇಕೆ? ಲಾಯವು ವ್ಯಾಪಾರವೋ, ಬರಿಯ ಷೋಕಿಯೋ?

ಇದಕ್ಕೆಂದೇ 1969ರಲ್ಲಿ ಅಲ್ಲಿಯ ಸಂಸತ್ತು ಕರಸಂಹಿತೆಗೆ 183ನೆಯ ವಿಧಿಯನ್ನು ಸೇರಿಸಿತು. ಲಾಭದ ಉದ್ದೇಶವಿಲ್ಲದ ಕೆಲಸದ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಸಾಮಾನ್ಯ ಕಸುಬು 5 ವರ್ಷಗಳಲ್ಲಿ 3 ವರ್ಷ ಲಾಭ ತೋರಿದರೆ ಅದನ್ನು ವ್ಯಾಪಾರವೆಂದೇ ಎಣಿಸುತ್ತಾರೆ. ಅಲ್ಲವೆಂದು ಸಾಧಿಸುವ ಹೊಣೆ ಸರಕಾರದ್ದು. ಕುದುರೆಗೆ ಮಾತ್ರ 7 ವರ್ಷಗಳಲ್ಲಿ 2 ವರ್ಷ ಸಾಕು. ಹೆಣ್ಣು ಕುದುರೆ ಗರ್ಭ ಹೊರುವುದೇ ಸುಮಾರು 11 ತಿಂಗಳು. ಹುಟ್ಟಿದ ಮರಿ ಓಟಕ್ಕೆ ಇಳಿಯಬೇಕಾದರೆ 2 ವರ್ಷವಾದರೂ ತುಂಬಬೇಕು. ಫಲ ತಡವಾಗಿ ಕೈಗೆ ಬರುವ ಕಸುಬಿದು.

ಅಷ್ಟು ಲಾಭವೂ ಬಾರದಿದ್ದರೆ ಸೋತಂತೆಯೇ? ಅಲ್ಲ. 1972ರ ನಿಯಮಗಳು 9 ಅಂಶಗಳನ್ನು ಹೇಳುತ್ತವೆ. ಲೆಕ್ಕಪತ್ರ ಚೊಕ್ಕಟವಾಗಿದೆಯೆ? ತಿಳಿದವರ ಸಲಹೆ ಪಡೆದರೆ? ತಾವೇ ಸಾಕಷ್ಟು ಹೊತ್ತು ದುಡಿದರೆ? ಕುದುರೆ, ಜಮೀನುಗಳ ಬೆಲೆ ಏರುವ ನಿರೀಕ್ಷೆ ಇದೆಯೆ? ಬೇರೆ ದೊಡ್ಡ ಆದಾಯವಿದೆಯೆ? ಇದರಲ್ಲಿ ವಿನೋದದ ಪಾಲೆಷ್ಟು? ಹೀಗೆ ಎಲ್ಲವನ್ನೂ ಕೂಡಿಸಿ ತೂಗಬೇಕು. ಯಾವ ಒಂದು ಅಂಶವೂ ತಾನೇ ತೀರ್ಪಾಗದು. ಕೆಲಸದಲ್ಲಿ ಸಂತೋಷ ಸಿಕ್ಕಿತೆಂಬ ಮಾತ್ರಕ್ಕೆ ಅದು ಷೋಕಿಯಾಗುವುದಿಲ್ಲ. ನಷ್ಟ ಬಂದ ದಾರಿಯನ್ನು ಬಿಟ್ಟು ಹೊಸ ದಾರಿ ಹಿಡಿದವನ ಮಾತಿಗೆ ಬೆಲೆ ಹೆಚ್ಚು.

ನಮ್ಮ ದೇಶದ 1961ರ ಆದಾಯಕರ ಕಾಯಿದೆಯು ಓಟದ ಕುದುರೆಗಳ ವಿಷಯದಲ್ಲಿ ಬೇರೆಯೇ ದಾರಿ ಹಿಡಿಯಿತು. ಒಡೆಯನ ಮನಸ್ಸನ್ನು ಕೆದಕದೆ, ಆ ಕುದುರೆಗಳ ನಷ್ಟವನ್ನು ಅದೇ ಬಗೆಯ ಆದಾಯದಲ್ಲೇ ಕಳೆಯಬೇಕೆಂದಿತು. ಉಳಿದ ನಷ್ಟವನ್ನು ಮುಂದಿನ 4 ವರ್ಷಗಳವರೆಗೆ ಕೊಂಡೊಯ್ಯಬಹುದಿತ್ತು. ಲಾಯದ ನಷ್ಟ ಲಾಯದಲ್ಲೇ!

ನಮ್ಮ ದಾರಿ ಸುಲಭ. ಅವರದು ತೊಡಕಿನದಾದರೂ ನಿಜವಾಗಿ ದುಡಿದು ಸೋತವನಿಗೆ ಹೆಚ್ಚು ನ್ಯಾಯ ಕೊಡುವಂಥದು ಎಂದು ನಮಗೆ ತೋರುತ್ತದೆ. ಪ್ರೀತಿಗಾಗಿ ಹಣ ಚೆಲ್ಲುವುದು ತಪ್ಪಲ್ಲ. ಆದರೆ ಆ ಪ್ರೀತಿಯ ಹುಲ್ಲು-ಹುರುಳಿಯ ಖರ್ಚನ್ನು ನೆರೆಯವರ ಕರದ ಮೇಲೆ ಹೊರಿಸಬಾರದು. ವ್ಯಾಪಾರವೆಂದು ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕದ ಪುಸ್ತಕವೂ ಹಾಗೆಯೇ ಹೇಳಬೇಕು.