ಹಿಮೋಗ್ಲೋಬಿನ್ ರೂಪಭೇದಗಳು

ಹಿಮೋಗ್ಲೋಬಿನ್ ರೂಪಭೇದಗಳು ಎಂದರೆ ಕೆಂಪು ರಕ್ತಕಣಗಳಲ್ಲಿದ್ದು ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬೇರೆ ಬೇರೆ ರೂಪಗಳು. ಇವುಗಳಲ್ಲಿ ಕೆಲವು ಎಲ್ಲ ಮನುಷ್ಯರಲ್ಲಿಯೂ ವಯಸ್ಸಿಗೆ ತಕ್ಕಂತೆ ಇರುವ ಸಹಜ ರೂಪಗಳು. ಇನ್ನು ಕೆಲವು ವಂಶವಾಹಿಯಲ್ಲಿನ ಬದಲಾವಣೆಯಿಂದ ಉಂಟಾಗಿ ತಂದೆತಾಯಿಯರಿಂದ ಮಕ್ಕಳಿಗೆ ಬರುತ್ತವೆ. ಇಂತಹ ಸಾವಿರಕ್ಕೂ ಹೆಚ್ಚು ರೂಪಗಳನ್ನು ಗುರುತಿಸಲಾಗಿದ್ದು, ಬಹುಪಾಲು ನಿರುಪದ್ರವಿಯಾಗಿವೆ. ಆದರೆ ಹಿಮೋಗ್ಲೋಬಿನ್ ಎಸ್ ಎಂಬ ರೂಪವು ಕುಡುಗೋಲು ಕಣ ರೋಗಕ್ಕೆ ಕಾರಣವಾಗುತ್ತದೆ. ಇದನ್ನು ಸಿಕಲ್ ಸೆಲ್ ಕಾಯಿಲೆ ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ಈ ರೂಪವು ಚಾಮರಾಜನಗರ ಜಿಲ್ಲೆಯ ಸೋಲಿಗರೂ ಸೇರಿದಂತೆ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುತ್ತದೆ.

ರಚನೆ

ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಪಣಿಗಳಿವೆ. ಪ್ರತಿ ಸರಪಣಿಯೂ ಕಬ್ಬಿಣವನ್ನು ಒಳಗೊಂಡ ಹೀಮ್ ಎಂಬ ಒಂದು ಘಟಕವನ್ನು ಹಿಡಿದಿರುತ್ತದೆ; ಆಮ್ಲಜನಕವು ಅಂಟಿಕೊಳ್ಳುವುದು ಈ ಕಬ್ಬಿಣಕ್ಕೆ. ವಯಸ್ಕರಲ್ಲಿ ಹೆಚ್ಚಾಗಿರುವ ಹಿಮೋಗ್ಲೋಬಿನ್ ಎ ರೂಪದಲ್ಲಿ 141 ಅಮೈನೋ ಆಮ್ಲಗಳ ಎರಡು ಆಲ್ಫಾ ಸರಪಣಿಗಳೂ 146 ಅಮೈನೋ ಆಮ್ಲಗಳ ಎರಡು ಬೀಟಾ ಸರಪಣಿಗಳೂ ಇರುತ್ತವೆ. ಆಲ್ಫಾ ಸರಪಣಿಯ ವಂಶವಾಹಿಗಳು 16ನೆಯ ವರ್ಣತಂತುವಿನಲ್ಲಿಯೂ ಬೀಟಾ ಸರಪಣಿಯ ವಂಶವಾಹಿ 11ನೆಯ ವರ್ಣತಂತುವಿನಲ್ಲಿಯೂ ಇವೆ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಒತ್ತೊತ್ತಾಗಿ ತುಂಬಿರುತ್ತವೆ. ಈ ದಟ್ಟಣೆಯಿಂದಾಗಿ ಅಣುವಿನ ಮೇಲ್ಮೈಯಲ್ಲಿನ ಸಣ್ಣ ಬದಲಾವಣೆಯೂ ಇಡೀ ಕಣದ ಆಕಾರವನ್ನು ಕೆಡಿಸಬಲ್ಲದು.

ಸಹಜ ರೂಪಗಳು

* ಹಿಮೋಗ್ಲೋಬಿನ್ ಎಫ್: ಗರ್ಭಸ್ಥ ಶಿಶುವಿನ ಪ್ರಧಾನ ರೂಪ. ಇದರಲ್ಲಿ ಬೀಟಾ ಸರಪಣಿಗಳ ಬದಲು ಗಾಮಾ ಸರಪಣಿಗಳಿರುತ್ತವೆ. ಇದು ಆಮ್ಲಜನಕವನ್ನು ಹಿಮೋಗ್ಲೋಬಿನ್ ಎಗಿಂತ ಬಿಗಿಯಾಗಿ ಹಿಡಿಯುವುದರಿಂದ ತಾಯಿಯ ರಕ್ತದಿಂದ ಶಿಶುವಿಗೆ ಆಮ್ಲಜನಕ ವರ್ಗವಾಗುವುದು ಸುಲಭವಾಗುತ್ತದೆ. ಹುಟ್ಟಿದ ನಂತರದ ತಿಂಗಳುಗಳಲ್ಲಿ ಇದರ ಪ್ರಮಾಣ ಇಳಿಯುತ್ತ ಹೋಗಿ, ವಯಸ್ಕರಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರುತ್ತದೆ.
* ಹಿಮೋಗ್ಲೋಬಿನ್ ಎ: ವಯಸ್ಕರಲ್ಲಿ ಒಟ್ಟು ಹಿಮೋಗ್ಲೋಬಿನ್‌ನ ಶೇ. 95ಕ್ಕೂ ಹೆಚ್ಚು ಭಾಗ.
* ಹಿಮೋಗ್ಲೋಬಿನ್ ಎ2: ಎರಡು ಆಲ್ಫಾ ಹಾಗೂ ಎರಡು ಡೆಲ್ಟಾ ಸರಪಣಿಗಳ ರೂಪ, ಸುಮಾರು ಶೇ. 2ರಿಂದ 3ರಷ್ಟು. ಇದರ ಪ್ರಮಾಣ ಹೆಚ್ಚಿದ್ದರೆ ಅದು ಬೀಟಾ ಥಲಸ್ಸೀಮಿಯಾ ವಾಹಕತೆಯ ಸೂಚನೆಯಾಗಿರಬಹುದು.

ಹಿಮೋಗ್ಲೋಬಿನ್ ಎಸ್

ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಾಗ ಹಿಮೋಗ್ಲೋಬಿನ್ ಎಸ್ ಉಂಟಾಗುತ್ತದೆ. ಉಳಿದ 145 ಸ್ಥಾನಗಳು ಯಥಾವತ್ತಾಗಿರುತ್ತವೆ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆಯಾಗಿ ಚಲಿಸುವುದನ್ನು ತೋರಿಸಿ, ಇದನ್ನು ಅಣುಮಟ್ಟದ ರೋಗವೆಂದು ಕರೆದರು. ಬದಲಾದ ಅಮೈನೋ ಆಮ್ಲ ಯಾವುದೆಂಬುದನ್ನು 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ಪತ್ತೆಹಚ್ಚಿದರು.

ಗ್ಲುಟಾಮಿಕ್ ಆಮ್ಲವು ಋಣ ವಿದ್ಯುದಂಶವನ್ನು ಹೊಂದಿದ್ದು ನೀರಿನೊಂದಿಗೆ ಹೊಂದಿಕೊಳ್ಳುತ್ತದೆ. ವ್ಯಾಲೀನ್ ನೀರಿನಿಂದ ದೂರವಿರಲು ಬಯಸುತ್ತದೆ. ಹಿಮೋಗ್ಲೋಬಿನ್ ಎಸ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅದರ ಆಕಾರ ಬದಲಾಗಿ, ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನಲ್ಲಿರುವ ತಗ್ಗಿನೊಳಗೆ ಕೂರುತ್ತದೆ. ಹೀಗೆ ಅಣುಗಳು ಸಾಲಾಗಿ ಜೋಡಣೆಗೊಂಡು ಗಟ್ಟಿಯಾದ ಎಳೆಗಳಾಗುತ್ತವೆ. ಎಳೆಗಳು ಕಣವನ್ನು ಒಳಗಿನಿಂದ ತಳ್ಳಿ, ದುಂಡಗಿನ ತಟ್ಟೆಯಂತಿದ್ದ ಕಣವು ಕುಡುಗೋಲಿನಂತೆ ಬಾಗುತ್ತದೆ. ಆಮ್ಲಜನಕ ಮತ್ತೆ ದೊರೆತಾಗ ಎಳೆಗಳು ಕರಗುತ್ತವೆ. ಆದರೆ ಈ ಕ್ರಿಯೆ ಪದೇ ಪದೇ ನಡೆದರೆ ಕಣದ ಪೊರೆ ಹಾಳಾಗಿ ಆಕಾರ ಶಾಶ್ವತವಾಗಿ ಕೆಡುತ್ತದೆ.

ಸಹಜ ಕೆಂಪು ರಕ್ತಕಣವು ಸುಮಾರು 120 ದಿನ ಬದುಕಿದರೆ, ಈ ರೋಗದಲ್ಲಿ ಕಣಗಳ ಆಯುಸ್ಸು ಸಾಮಾನ್ಯವಾಗಿ 10ರಿಂದ 20 ದಿನಗಳಿಗೆ ಇಳಿಯುತ್ತದೆ. ಇದರಿಂದ ರಕ್ತಹೀನತೆ ಮತ್ತು ಕಾಮಾಲೆ ಕಾಣಿಸಿಕೊಳ್ಳುತ್ತವೆ. ಬಿರುಸಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ, ಎದೆ ಮತ್ತು ಹೊಟ್ಟೆಯಲ್ಲಿ ತೀವ್ರ ನೋವುಂಟುಮಾಡುತ್ತವೆ. ಗುಲ್ಮ ಹಾಳಾಗುವುದರಿಂದ ಎಳೆಯ ಮಕ್ಕಳಲ್ಲಿ ಸೋಂಕುಗಳು ಪ್ರಾಣಾಪಾಯ ತರಬಲ್ಲವು.

ವಾಹಕರಲ್ಲಿ ರೋಗವೇಕಿಲ್ಲ?

ಪ್ರತಿ ವ್ಯಕ್ತಿಗೂ ಬೀಟಾ ವಂಶವಾಹಿಯ ಎರಡು ಪ್ರತಿಗಳು ಬರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ಎಸ್ ಆಗಿದ್ದರೆ ರೋಗ. ಒಂದು ಮಾತ್ರ ಎಸ್ ಆಗಿದ್ದರೆ ಆ ವ್ಯಕ್ತಿ ವಾಹಕ. ವಾಹಕರ ಪ್ರತಿಯೊಂದು ಕೆಂಪು ಕಣದಲ್ಲಿಯೂ ಎ ಮತ್ತು ಎಸ್ ಎರಡೂ ಬೆರೆತಿದ್ದು, ಎಸ್ ಸಾಮಾನ್ಯವಾಗಿ ಶೇ. 40ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಎಳೆಗಳು ರೂಪುಗೊಳ್ಳಲು ಸ್ವಲ್ಪ ಕಾಲ ಬೇಕು. ಎಸ್ ಸಾಂದ್ರತೆ ಇಳಿದಂತೆ ಆ ಕಾಲ ಬಹಳವಾಗಿ ಹಿಗ್ಗುತ್ತದೆ. ಅಷ್ಟರಲ್ಲಿ ಕಣವು ಸೂಕ್ಷ್ಮನಾಳವನ್ನು ದಾಟಿ ಶ್ವಾಸಕೋಶದತ್ತ ಮರಳಿರುತ್ತದೆ. ಆದ್ದರಿಂದ ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ರೋಗಿಗಳಲ್ಲಿ ನಿರ್ಜಲೀಕರಣ ಅಪಾಯಕಾರಿಯಾಗುವುದಕ್ಕೂ ಇದೇ ಕಾರಣ: ಕಣದೊಳಗಿನ ನೀರು ಕಡಿಮೆಯಾದಾಗ ಎಸ್ ಸಾಂದ್ರತೆ ಏರುತ್ತದೆ.

ಹಿಮೋಗ್ಲೋಬಿನ್ ಎಫ್ ಈ ಎಳೆಗಳೊಳಗೆ ಸೇರಿಕೊಳ್ಳದೆ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಾಗಿ ಎರಡೂ ಎಸ್ ಪ್ರತಿಗಳಿರುವ ಶಿಶುವಿನಲ್ಲಿ ಮೊದಲ ಕೆಲವು ತಿಂಗಳು ಸಾಮಾನ್ಯವಾಗಿ ಲಕ್ಷಣಗಳು ಕಾಣುವುದಿಲ್ಲ. ಭಾರತದ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬರುವ ಅರಬ್-ಭಾರತೀಯ ವಂಶವಾಹಿ ಹಿನ್ನೆಲೆಯಲ್ಲಿ ಎಫ್ ಪ್ರಮಾಣ ಹೆಚ್ಚಿರುತ್ತದೆ. ಆದರೂ ತೀವ್ರ ಸ್ವರೂಪದ ರೋಗವೂ ಇಲ್ಲಿ ಇಲ್ಲದಿಲ್ಲ.

ಮಲೇರಿಯಾದೊಂದಿಗಿನ ಸಂಬಂಧ

ವಾಹಕರಿಗೆ ಫಾಲ್ಸಿಪ್ಯಾರಮ್ ಮಲೇರಿಯಾದ ತೀವ್ರ ರೂಪದಿಂದ ಗಣನೀಯ ರಕ್ಷಣೆ ದೊರೆಯುತ್ತದೆ. ಇದನ್ನು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ನಿರೂಪಿಸಿದರು. ಮಲೇರಿಯಾ ಬಹುಕಾಲ ನೆಲೆಸಿದ್ದ ಪ್ರದೇಶಗಳಲ್ಲಿ ಎಸ್ ವಂಶವಾಹಿ ಅಳಿಯದೆ ಉಳಿದಿರುವುದನ್ನು ಇದು ವಿವರಿಸುತ್ತದೆ.

ಚಾಮರಾಜನಗರ ಜಿಲ್ಲೆಯಲ್ಲಿ

ಭಾರತದಲ್ಲಿ ಹಿಮೋಗ್ಲೋಬಿನ್ ಎಸ್ ಇರುವುದು ಮೊದಲು ವರದಿಯಾದದ್ದು 1952ರಲ್ಲಿ. ಲೆಹ್ಮನ್ ಮತ್ತು ಕಟ್‌ಬುಷ್ ಅದನ್ನು ನೀಲಗಿರಿ ಬೆಟ್ಟಗಳ ಬುಡಕಟ್ಟುಗಳಲ್ಲಿ ಕಂಡರು. ಗುಂಡ್ಲುಪೇಟೆ ತಾಲ್ಲೂಕು ಒಂದೆಡೆ ತಮಿಳುನಾಡಿನ ನೀಲಗಿರಿಗೂ ಇನ್ನೊಂದೆಡೆ ಕೇರಳದ ವಯನಾಡಿಗೂ ಹೊಂದಿಕೊಂಡಿದೆ. ವಯನಾಡಿನ ಬುಡಕಟ್ಟುಗಳಲ್ಲಿಯೂ ಈ ರೂಪವಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಪೋಡುಗಳಲ್ಲಿ ಸೋಲಿಗರು ನೆಲೆಸಿದ್ದಾರೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಈ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆ ನೀಡುವ ಕಾರ್ಯವನ್ನು ಕೈಗೊಂಡಿತು.

ಸೋಲಿಗರಲ್ಲಿ ಒಂದೇ ಕುಲದೊಳಗೆ ವಿವಾಹವಾಗುವ ಪದ್ಧತಿಯಿಲ್ಲ.  ಆದರೆ ವಂಶವಾಹಿಯು ಸಮುದಾಯದೊಳಗೆ ಕುಲದ ಎಲ್ಲೆಯನ್ನು ಮೀರಿ ಹರಡಿರಬಹುದಾದ್ದರಿಂದ, ಬೇರೆ ಬೇರೆ ಕುಲದ ಗಂಡು ಹೆಣ್ಣು ಇಬ್ಬರೂ ವಾಹಕರಾಗಿರಲು ಸಾಧ್ಯ. ಅಂತಹ ದಂಪತಿಯ ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ಶೇ. 25, ವಾಹಕವಾಗುವ ಸಂಭವ ಶೇ. 50, ಎರಡೂ ಇಲ್ಲದಿರುವ ಸಂಭವ ಶೇ. 25. ಮೊದಲ ಮಗುವಿಗೆ ರೋಗವಿದೆ ಎಂಬುದರಿಂದ ಮುಂದಿನ ಮಗುವಿನ ಸಂಭವ ಬದಲಾಗುವುದಿಲ್ಲ. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ಬೀಟಾ ವಂಶವಾಹಿಗಳೆರಡೂ ಸಹಜವಾಗಿದ್ದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಇನ್ನೊಬ್ಬರು ಬೀಟಾ ಥಲಸ್ಸೀಮಿಯಾ ವಾಹಕರಾಗಿದ್ದರೆ ಮಗುವಿಗೆ ಕುಡುಗೋಲು ಕಣ ರೋಗದ ಇನ್ನೊಂದು ಬಗೆ ಬರಬಹುದು.

ಪತ್ತೆ ಮತ್ತು ಚಿಕಿತ್ಸೆ

ರಕ್ತದಲ್ಲಿನ ಒಟ್ಟು ಹಿಮೋಗ್ಲೋಬಿನ್ ಅಳೆಯುವ ಸಾಮಾನ್ಯ ಪರೀಕ್ಷೆಯು ಅದರ ರೂಪವನ್ನು ತಿಳಿಸುವುದಿಲ್ಲ. ಆದ್ದರಿಂದ ವಾಹಕರು ಅರಿವಿಗೆ ಬಾರದೆಯೇ ಉಳಿಯುತ್ತಾರೆ. ಕ್ಷೇತ್ರಮಟ್ಟದಲ್ಲಿ ಬಳಸುವ ದ್ರಾವ್ಯತಾ ಪರೀಕ್ಷೆಯು ಎಸ್ ಇದೆಯೆಂಬುದನ್ನು ತೋರಿಸುತ್ತದೆಯೇ ಹೊರತು ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸುವುದಿಲ್ಲ. ಅದಕ್ಕೆ ಎಲೆಕ್ಟ್ರೋಫೋರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆ ಅಗತ್ಯ. ಕಬ್ಬಿಣಾಂಶದ ಕೊರತೆಯೂ ಜೊತೆಗಿಲ್ಲದಿದ್ದರೆ ಈ ರಕ್ತಹೀನತೆಯು ಕಬ್ಬಿಣದ ಮಾತ್ರೆಗಳಿಂದ ಸರಿಹೋಗುವುದಿಲ್ಲ.

ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯು ಹಿಮೋಗ್ಲೋಬಿನ್ ಎಫ್ ಪ್ರಮಾಣವನ್ನು ಹೆಚ್ಚಿಸಿ ನೋವಿನ ಸಂದರ್ಭಗಳನ್ನು ಕಡಿಮೆ ಮಾಡುತ್ತದೆ. ಇದನ್ನು ವೈದ್ಯರ ನಿಗಾದಲ್ಲಿ, ನಿಯತ ರಕ್ತಪರೀಕ್ಷೆಯೊಂದಿಗೆ ಸೇವಿಸಬೇಕು. ಮಕ್ಕಳಿಗೆ ಪೆನಿಸಿಲಿನ್ ಮತ್ತು ಲಸಿಕೆಗಳು, ಸಾಕಷ್ಟು ನೀರು, ಅಗತ್ಯವಿದ್ದಾಗ ರಕ್ತಪೂರಣ ಇವು ಆರೈಕೆಯ ಮುಖ್ಯ ಭಾಗಗಳು. ಅಸ್ಥಿಮಜ್ಜೆ ಕಸಿಯು ರೋಗವನ್ನು ಗುಣಪಡಿಸಬಲ್ಲದು. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮೋದಿಸಿದ ವಂಶವಾಹಿ ತಿದ್ದುವ ಚಿಕಿತ್ಸೆಯೊಂದು ಹಿಮೋಗ್ಲೋಬಿನ್ ಎಫ್ ಉತ್ಪಾದನೆಯನ್ನು ಮತ್ತೆ ಚುರುಕುಗೊಳಿಸುವ ತತ್ತ್ವವನ್ನು ಆಧರಿಸಿದೆ.

ಭಾರತ ಸರ್ಕಾರವು ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವನ್ನು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿತು. ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿದೆ. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಹಾಗೂ 2047ರೊಳಗೆ ರೋಗದ ನಿರ್ಮೂಲನೆ ಇದರ ಗುರಿಗಳು. ತಪಾಸಣೆಗೊಳಗಾದವರಿಗೆ ಅವರು ವಾಹಕರೇ, ರೋಗಿಗಳೇ, ಎರಡೂ ಅಲ್ಲವೇ ಎಂಬುದನ್ನು ನಮೂದಿಸಿದ ಕಾರ್ಡ್ ನೀಡಲಾಗುತ್ತದೆ. ವಿವಾಹಪೂರ್ವ ಸಮಾಲೋಚನೆಯಲ್ಲಿ ಇದನ್ನು ಬಳಸಲಾಗುತ್ತದೆ.