ವಿಮಾನ ಚಾಲಕ ವೃತ್ತಿ: ನಿರ್ಧಾರಕ್ಕೆ ಮುನ್ನ

ಮುಂಬಯಿ ಮಹಾನಗರದ ಕುರ್ಲಾ ನಿವಾಸಿಗಳಿಗೆ ವಿಮಾನದ ಸದ್ದು ದಿನನಿತ್ಯದ ಸಂಗತಿ. ಕುರ್ಲಾ ಪಶ್ಚಿಮದ ಜರಿಮರಿ ಪ್ರದೇಶವು ಛತ್ರಪತಿ ಶಿವಾಜಿ ಮಹಾರಾಜ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಎಲ್ಲೆಗೆ ಹೊಂದಿಕೊಂಡಿದೆ. ಪೂರ್ವ ದಿಕ್ಕಿನಿಂದ ಬಂದಿಳಿಯುವ ವಿಮಾನಗಳು ಘಾಟ್‌ಕೋಪರ್ ಹಾಗೂ ಕುರ್ಲಾ ಭಾಗದ ವಸತಿಗಳ ಮೇಲಿನಿಂದಲೇ ಹಾದು ಬರುತ್ತವೆ. ಇದೇ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮಂಗಳೂರಿಗೆ ಹೊರಡುತ್ತದೆ. ಮುಂಬಯಿಯ ಬಂಟರ ಸಂಘದ ಭವನವೂ ಕುರ್ಲಾ ಪೂರ್ವದಲ್ಲಿಯೇ ಇದೆ. ಉದ್ಯೋಗವನ್ನು ಅರಸಿ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳ ಮಕ್ಕಳು ತಲೆಯ ಮೇಲೆ ವಿಮಾನಗಳನ್ನು ಕಾಣುತ್ತಲೇ ಬೆಳೆದಿದ್ದಾರೆ.

ಇಂತಹ ಮನೆಯೊಂದರಲ್ಲಿ ಮಗನೋ ಮಗಳೋ ಹನ್ನೆರಡನೆಯ ತರಗತಿಯನ್ನು ಮುಗಿಸಿ, ತಾನು ಪೈಲಟ್ ಆಗಬೇಕೆಂದಿರುವುದಾಗಿ ಹೇಳಿದಾಗ ತಂದೆತಾಯಿಗಳ ಮುಂದೆ ಕಠಿಣವಾದ ಪ್ರಶ್ನೆಯೊಂದು ನಿಲ್ಲುತ್ತದೆ. ಮನೆಯ ಮೇಲೆ ಸಾಲ ಪಡೆಯಬೇಕೆ, ಭವಿಷ್ಯನಿಧಿಯನ್ನು ತೆಗೆಯಬೇಕೆ, ಊರಿನ ಜಮೀನನ್ನು ಮಾರಬೇಕೆ? ಈ ಪ್ರಶ್ನೆಗೆ ಉತ್ಸಾಹವೊಂದರಿಂದಲೇ ಉತ್ತರ ಕೊಡುವುದು ಉಚಿತವಲ್ಲ. ಭಯದಿಂದ ಕೊಡುವುದೂ ಉಚಿತವಲ್ಲ. ಯಾವ ಹೆಜ್ಜೆಯನ್ನು ಯಾವುದರ ನಂತರ ಇಡಬೇಕೆಂಬುದನ್ನು ಅರಿತರೆ ನಿರ್ಧಾರದ ಭಾರ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಹಿನ್ನೆಲೆ

ಭಾರತದ ನಾಗರಿಕ ವಿಮಾನಯಾನಕ್ಕೂ ಮುಂಬಯಿಗೂ ಹಳೆಯ ನಂಟು. 1929ರಲ್ಲಿ ಭಾರತದಲ್ಲಿ ನೀಡಲಾದ ಮೊದಲ ವಿಮಾನ ಚಾಲಕ ಪರವಾನಗಿಯನ್ನು ಪಡೆದ ಜೆ.ಆರ್.ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಜುಹು ನಿಲ್ದಾಣಕ್ಕೆ ಅಂಚೆ ವಿಮಾನವನ್ನು ತಂದಿಳಿಸಿದರು. ಅಲ್ಲಿಂದ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದು ಕನ್ನಡ ನೆಲವನ್ನೂ ಮುಟ್ಟಿತ್ತು. 1953ರಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡವು. 1994ರಲ್ಲಿ ವಾಯು ನಿಗಮಗಳ ಕಾಯಿದೆಯನ್ನು ರದ್ದುಪಡಿಸಿ ಖಾಸಗಿ ಸಂಸ್ಥೆಗಳಿಗೆ ಕಾಯಿದೆಬದ್ಧ ಅವಕಾಶವನ್ನು ಕಲ್ಪಿಸಲಾಯಿತು. ಅಂದಿನಿಂದ ವಿಮಾನ ಚಾಲಕರಿಗೆ ಬೇಡಿಕೆ ಹೆಚ್ಚಿದೆ. ಅದರೊಡನೆ ಉದ್ಯೋಗದ ಏರಿಳಿತವೂ ಹೆಚ್ಚಿದೆ.

ಅರ್ಹತೆ ಮತ್ತು ಪರವಾನಗಿ

ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಂಬಳಕ್ಕಾಗಿ ವಿಮಾನದಲ್ಲಿ ಒಯ್ಯಲು ವಾಣಿಜ್ಯ ವಿಮಾನ ಚಾಲಕ ಪರವಾನಗಿ ಅಗತ್ಯ. ಇದನ್ನು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುತ್ತದೆ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಭೌತಶಾಸ್ತ್ರ ಹಾಗೂ ಗಣಿತ ವಿಷಯಗಳೊಡನೆ ಹನ್ನೆರಡನೆಯ ತರಗತಿಯಲ್ಲಿ ಉತ್ತೀರ್ಣರಾಗಿರಬೇಕೆಂಬುದು ಬಹುಕಾಲದಿಂದ ಜಾರಿಯಲ್ಲಿರುವ ನಿಯಮ. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪ್ರತ್ಯೇಕವಾಗಿ ಪೂರೈಸುವುದುಂಟು. ವಿದ್ಯಾರ್ಥಿ ಚಾಲಕ ಪರವಾನಗಿಯನ್ನು 16ನೆಯ ವಯಸ್ಸಿನಲ್ಲಿಯೇ ಪಡೆಯಬಹುದು.

ವಿಮಾನಯಾನ ನಿಯಮಗಳು, ವಾಯು ಸಂಚಾಲನೆ, ಹವಾಮಾನ ಶಾಸ್ತ್ರ ಹಾಗೂ ವಿಮಾನದ ತಾಂತ್ರಿಕ ವಿಷಯಗಳಲ್ಲಿ ಲಿಖಿತ ಪರೀಕ್ಷೆಗಳಿದ್ದು, ಪ್ರತಿಯೊಂದರಲ್ಲಿಯೂ ಶೇ. 70ರಷ್ಟು ಅಂಕಗಳನ್ನು ಗಳಿಸಬೇಕು. ರೇಡಿಯೋ ಮೂಲಕ ಸಂಭಾಷಿಸುವ ಪರವಾನಗಿಯೂ ಬೇಕು. ಇವುಗಳ ಜೊತೆಗೆ 200 ಗಂಟೆಗಳ ಹಾರಾಟದ ಅನುಭವವಿರಬೇಕು. ಅದರಲ್ಲಿ 100 ಗಂಟೆಗಳಷ್ಟು ಅಭ್ಯರ್ಥಿಯು ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಈ ಪರವಾನಗಿಯಿಂದ ವಿಮಾನ ಸಂಸ್ಥೆಯಲ್ಲಿ ಸಹಚಾಲಕನಾಗಬಹುದು. ಕ್ಯಾಪ್ಟನ್ ಹುದ್ದೆಗೆ ಏರಲು 21 ವರ್ಷ ವಯಸ್ಸು ಹಾಗೂ 1,500 ಗಂಟೆಗಳ ಅನುಭವವನ್ನು ಅಪೇಕ್ಷಿಸುವ ಉನ್ನತ ಪರವಾನಗಿ ಬೇಕಾಗುತ್ತದೆ.

ಮೊದಲ ಹೆಜ್ಜೆ: ವೈದ್ಯಕೀಯ ಪರೀಕ್ಷೆ

ಅನೇಕ ಕುಟುಂಬಗಳು ಮೊದಲು ಶುಲ್ಕವನ್ನು ಕಟ್ಟಿ, ಅನಂತರ ವೈದ್ಯರ ಬಳಿಗೆ ಹೋಗುತ್ತವೆ. ಈ ಕ್ರಮವು ತಪ್ಪು. ಪರವಾನಗಿಗೆ ಮೊದಲು ಎರಡನೆಯ ದರ್ಜೆಯ, ಅನಂತರ ಒಂದನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ದೃಷ್ಟಿ, ವರ್ಣಗ್ರಹಣ ಶಕ್ತಿ, ಶ್ರವಣ, ಹೃದಯ, ರಕ್ತದೊತ್ತಡ ಹಾಗೂ ಮಾನಸಿಕ ಆರೋಗ್ಯ ಇವೆಲ್ಲವನ್ನೂ ಪರಿಶೀಲಿಸಲಾಗುತ್ತದೆ. ಕನ್ನಡಕವನ್ನು ಧರಿಸುವ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ; ಆದರೆ ಬಣ್ಣಗಳನ್ನು ಸುರಕ್ಷಿತವಾಗಿ ಗುರುತಿಸಲಾರದವರಿಗೆ ಈ ವೃತ್ತಿ ತೆರೆದಿಲ್ಲ. ಇಂತಹ ಪರೀಕ್ಷೆಗಳು ನಡೆಯುವ ಪ್ರಮುಖ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು.

ತರಬೇತಿಯ ಒಟ್ಟು ವೆಚ್ಚಕ್ಕೆ ಹೋಲಿಸಿದರೆ ವೈದ್ಯಕೀಯ ಪರೀಕ್ಷೆಯ ವೆಚ್ಚ ಅತ್ಯಲ್ಪ. ಒಂದನೆಯ ದರ್ಜೆಯ ಪ್ರಮಾಣಪತ್ರವು ಕೈಸೇರುವವರೆಗೆ ದೊಡ್ಡ ಮೊತ್ತವನ್ನು ಯಾವ ಸಂಸ್ಥೆಗೂ ಕಟ್ಟದಿರುವುದೇ ವಿವೇಕ. ವೃತ್ತಿಗೆ ಸೇರಿದ ಮೇಲೆಯೂ ಈ ಪರೀಕ್ಷೆಯನ್ನು ನಿಯತವಾಗಿ ಎದುರಿಸಬೇಕು. ಆರೋಗ್ಯ ಕೆಟ್ಟರೆ ಸಂಪಾದನೆಯೂ ನಿಲ್ಲಬಹುದೆಂಬುದನ್ನು ಆರಂಭದಲ್ಲಿಯೇ ಅರಿತಿರಬೇಕು.

ಎರಡನೆಯ ಹೆಜ್ಜೆ: ಲೆಕ್ಕಾಚಾರ

ಪರವಾನಗಿಯನ್ನು ಪಡೆಯುವವರೆಗಿನ ತರಬೇತಿಗೆ ಇಂದು 50 ಲಕ್ಷ ರೂಪಾಯಿಗಳ ಆಸುಪಾಸು ವೆಚ್ಚವಾಗುತ್ತದೆ. ನಿರ್ದಿಷ್ಟ ಮಾದರಿಯ ದೊಡ್ಡ ವಿಮಾನವನ್ನು ನಡೆಸಲು ಬೇಕಾದ ಟೈಪ್ ರೇಟಿಂಗ್ ತರಬೇತಿಗೆ ಬೇರೆ ಹಣ ಬೇಕು. ಉದಾಹರಣೆಗೆ, 50 ಲಕ್ಷ ರೂಪಾಯಿಗಳನ್ನು ಶೇ. 11ರ ಬಡ್ಡಿಯಲ್ಲಿ ಹತ್ತು ವರ್ಷಗಳ ಅವಧಿಗೆ ಸಾಲವಾಗಿ ಪಡೆದರೆ ಮಾಸಿಕ ಕಂತು ಸುಮಾರು 68,900 ರೂಪಾಯಿಗಳಾಗುತ್ತದೆ. ಹಿಂತಿರುಗಿಸುವ ಒಟ್ಟು ಮೊತ್ತವು 82 ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಪರವಾನಗಿ ದೊರೆತ ನಂತರ ಉದ್ಯೋಗಕ್ಕಾಗಿ ಒಂದು ವರ್ಷ ಕಾಯಬೇಕಾಗಿ ಬಂದರೆ ಬಡ್ಡಿಯೊಂದೇ ಐದೂವರೆ ಲಕ್ಷ ರೂಪಾಯಿಗಳಷ್ಟಾಗುತ್ತದೆ. ಆದುದರಿಂದ ಮಗನಿಗೋ ಮಗಳಿಗೋ ಎರಡು ವರ್ಷಗಳ ಕಾಲ ಕೆಲಸ ಸಿಗದೆ ಹೋದರೂ ಮನೆಯು ನಿಭಾಯಿಸಬಲ್ಲುದೇ ಎಂಬುದೇ ಕುಟುಂಬವು ಕೇಳಿಕೊಳ್ಳಬೇಕಾದ ಪ್ರಶ್ನೆ. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು ತಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದ್ಯಾರ್ಥಿವೇತನದ ಬಗೆಗೆ ಮೊದಲೇ ವಿಚಾರಿಸುವುದು ಒಳಿತು.

ತರಬೇತಿ ಸಂಸ್ಥೆಯ ಆಯ್ಕೆ

ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯು ಕೇಂದ್ರ ಸರ್ಕಾರದ ಅಧೀನದಲ್ಲಿದೆ. ಅಲ್ಲಿಗೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಕರ್ನಾಟಕ ಸರ್ಕಾರದ ವೈಮಾನಿಕ ತರಬೇತಿ ಶಾಲೆಯು ಬೆಂಗಳೂರಿನ ಜಕ್ಕೂರಿನಲ್ಲಿದೆ. 2021ರಲ್ಲಿ ಬೆಳಗಾವಿ ಹಾಗೂ ಕಲಬುರಗಿ ವಿಮಾನ ನಿಲ್ದಾಣಗಳನ್ನೂ ಹೊಸ ತರಬೇತಿ ಸಂಸ್ಥೆಗಳಿಗಾಗಿ ಆರಿಸಲಾಯಿತು. ದಟ್ಟಣೆಯ ಮುಂಬಯಿ ಆಕಾಶದಲ್ಲಿ ಆರಂಭಿಕ ಅಭ್ಯಾಸಕ್ಕೆ ಅವಕಾಶ ಕಡಿಮೆ. ಆದ್ದರಿಂದ ಕುರ್ಲಾದ ಅಭ್ಯರ್ಥಿಯು ಊರು ಬಿಟ್ಟು ಇರಬೇಕಾಗುತ್ತದೆ. ಊಟ ವಸತಿಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

2025ರಿಂದ ಮಹಾನಿರ್ದೇಶನಾಲಯವು ತರಬೇತಿ ಸಂಸ್ಥೆಗಳಿಗೆ ಶ್ರೇಣಿಯನ್ನು ನೀಡಿ ಪ್ರಕಟಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ಇದನ್ನು ನೋಡುವುದರ ಜೊತೆಗೆ ಸಂಸ್ಥೆಗೆ ಖುದ್ದಾಗಿ ಭೇಟಿ ನೀಡಿ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಹಾರಾಟಕ್ಕೆ ಯೋಗ್ಯವಾದ ವಿಮಾನಗಳು ಎಷ್ಟಿವೆ? ಬೋಧಕರು ಎಷ್ಟು ಮಂದಿ? ಕಳೆದ ತಂಡದವರು 200 ಗಂಟೆಗಳನ್ನು ಪೂರೈಸಲು ಎಷ್ಟು ತಿಂಗಳು ಹಿಡಿಯಿತು? ಅರ್ಧದಲ್ಲಿ ಬಿಟ್ಟರೆ ಹಣ ಹಿಂತಿರುಗುವುದೇ? ಉತ್ತರಗಳನ್ನು ಬರಹದಲ್ಲಿ ಪಡೆಯಬೇಕು. ಪೂರ್ಣ ಶುಲ್ಕವನ್ನು ಒಮ್ಮೆಗೇ ಕಟ್ಟದೆ, ಹಾರಾಟವು ಮುಂದುವರಿದಂತೆ ಕಂತುಗಳಲ್ಲಿ ಕಟ್ಟುವ ಏರ್ಪಾಡು ಸುರಕ್ಷಿತ.

ಉದ್ಯೋಗದ ಏರಿಳಿತ

2023ರಲ್ಲಿ ಭಾರತದ ಎರಡು ದೊಡ್ಡ ವಿಮಾನ ಸಂಸ್ಥೆಗಳು ಒಟ್ಟು 970 ವಿಮಾನಗಳ ಖರೀದಿಯನ್ನು ಘೋಷಿಸಿದವು. 2025ರ ಅಕ್ಟೋಬರ್ 8ರಂದು ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಇವು ಭರವಸೆಯ ಸೂಚನೆಗಳೇ ಸರಿ. ಆದರೆ ಈ ವಿಮಾನಗಳು ಒಮ್ಮೆಗೇ ಬರುವುದಿಲ್ಲ. ಅನೇಕ ವರ್ಷಗಳ ಅವಧಿಯಲ್ಲಿ ಬರುತ್ತವೆ. ಇತ್ತ, 2023ರಲ್ಲಿಯೇ 1,622 ವಾಣಿಜ್ಯ ಪರವಾನಗಿಗಳನ್ನು ನೀಡಲಾಯಿತು. ಇದಲ್ಲದೆ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟವನ್ನು ನಿಲ್ಲಿಸಿದುದನ್ನು ಮರೆಯಲಾಗದು. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ದೇಶೀಯ ವಿಮಾನ ಸಂಚಾರವೇ ಎರಡು ತಿಂಗಳ ಕಾಲ ಸ್ಥಗಿತಗೊಂಡಿತ್ತು. ಸಾಲದ ಕಂತು ಮಾತ್ರ ಇಂತಹ ಏರಿಳಿತಗಳಿಗೆ ಕಾಯುವುದಿಲ್ಲ.

ಮನೋಧರ್ಮ

ವಿಮಾನ ಚಾಲಕನ ಸಮವಸ್ತ್ರ ಎಲ್ಲರಿಗೂ ಕಾಣುತ್ತದೆ. ನಿದ್ರೆಗೆಟ್ಟ ರಾತ್ರಿಗಳು, ಮನೆಯಿಂದ ದೂರ ಕಳೆಯುವ ಹಬ್ಬಗಳು, ಮೇಲಿಂದ ಮೇಲೆ ಬರುವ ಪರೀಕ್ಷೆಗಳು ಕಾಣುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು, ಒತ್ತಡದ ನಡುವೆ ತನ್ನ ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವ ಗುಣ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಓಡುಹಾದಿಯನ್ನು ದಾಟಿ ಕಣಿವೆಗೆ ಉರುಳಿ 158 ಮಂದಿ ಅಸುನೀಗಿದರು. ವಿಮಾನವು ಸರಿಯಾದ ಎತ್ತರದಲ್ಲಿ ಬರುತ್ತಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮೇಲೇರುವಂತೆ ಸಹಚಾಲಕರು ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರೆಂದು ತನಿಖಾ ವರದಿಯು ತಿಳಿಸಿತು. ಮತ್ತೊಮ್ಮೆ ಸುತ್ತಿ ಬರುವುದು ಸೋಲಲ್ಲ ಎಂಬುದು ಈ ವೃತ್ತಿಯ ಮೂಲಪಾಠ.

ಹೆಣ್ಣುಮಕ್ಕಳಿಗೆ ಈ ಕ್ಷೇತ್ರದಲ್ಲಿ ಸಮಾನ ಅವಕಾಶವಿದೆ. ಭಾರತದಲ್ಲಿ ಚಾಲಕರ ಪೈಕಿ ಮಹಿಳೆಯರ ಪ್ರಮಾಣವು ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದ ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರೇ.

ಇತರ ಮಾರ್ಗಗಳು

ಹಣವಿಲ್ಲದವರಿಗೆ ಆಕಾಶದ ಬಾಗಿಲು ಮುಚ್ಚಿಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅಥವಾ ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದವರಿಗೆ ಹಾರಾಟದ ತರಬೇತಿಯನ್ನು ಸರ್ಕಾರವೇ ನೀಡುತ್ತದೆ. ಅಕಾಡೆಮಿಗೆ 2022ರಿಂದ ಯುವತಿಯರನ್ನೂ ಸೇರಿಸಿಕೊಳ್ಳಲಾಗುತ್ತಿದೆ. ಭೌತಶಾಸ್ತ್ರ ಹಾಗೂ ಗಣಿತದೊಡನೆ ವಿಜ್ಞಾನ ಪದವಿಯನ್ನೋ ಎಂಜಿನಿಯರಿಂಗ್ ಪದವಿಯನ್ನೋ ಪಡೆದವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ವಾಯು ಸಂಚಾರ ನಿಯಂತ್ರಣಾಧಿಕಾರಿಗಳಾಗಲು ಸ್ಪರ್ಧಿಸಬಹುದು. ವಿಮಾನ ನಿರ್ವಹಣಾ ಎಂಜಿನಿಯರ್ ವೃತ್ತಿಯೂ ಗೌರವದ ವೃತ್ತಿಯೇ.

ಆದುದರಿಂದ ನಿರ್ಧಾರವನ್ನು ಒಂದೇ ದಿನದಲ್ಲಿ ಕೈಗೊಳ್ಳಬೇಕಾಗಿಲ್ಲ. ಮೊದಲು ವೈದ್ಯಕೀಯ ಪ್ರಮಾಣಪತ್ರ, ಅನಂತರ ಲಿಖಿತ ಪರೀಕ್ಷೆಗಳ ಸಿದ್ಧತೆ, ಆಮೇಲೆ ಸಂಸ್ಥೆಯ ಭೇಟಿ, ಕೊನೆಯಲ್ಲಿ ಸಾಲ. ಈ ಕ್ರಮದಲ್ಲಿ ನಡೆದರೆ ಪ್ರತಿಯೊಂದು ಹಂತದಲ್ಲಿಯೂ ಹೆಚ್ಚಿನ ನಷ್ಟವಿಲ್ಲದೆ ಹಿಂದಿರುಗಲು ಅವಕಾಶವಿರುತ್ತದೆ. ಎಲ್ಲ ಹಂತಗಳನ್ನೂ ದಾಟಿದ ಮೇಲೆಯೂ ಆಸೆ ಕುಂದದಿದ್ದರೆ, ಮನೆಯವರು ನಿಶ್ಚಿಂತೆಯಿಂದ ಸಮ್ಮತಿ ನೀಡಬಹುದು. ಹಿಂದಿರುಗಬೇಕಾಗಿ ಬಂದರೂ ಕುರ್ಲಾದ ಮನೆ ಉಳಿದಿರುತ್ತದೆ, ಊರಿನ ಜಮೀನು ಉಳಿದಿರುತ್ತದೆ. ಓದಿದ ಭೌತಶಾಸ್ತ್ರ ಗಣಿತಗಳು ಬೇರೊಂದು ದಾರಿಗೆ ನೆರವಾಗುತ್ತವೆ.