ಗಾಲ್ಫ್ ಕೋಲು ಬೀಸುವಾಗ ಮಣಿಕಟ್ಟು ಬಿಚ್ಚುವುದು ಯಾವಾಗ?

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು. ಅದುವರೆಗೆ ಗಾಲ್ಫ್ ನೋಡದಿದ್ದ ಎಷ್ಟೋ ಜನ ಆಗ ಟಿವಿ ಮುಂದೆ ಕೂತರು. ನೀಲಗಿರಿಯ ಮಕ್ಕಳು ಊಟಿಯ ಗಾಲ್ಫ್ ಮೈದಾನವನ್ನು ದೂರದಿಂದಾದರೂ ಕಂಡಿರಬಹುದು. ಚೆಂಡಿನ ತೂಕ 46 ಗ್ರಾಂ ಕೂಡ ಇಲ್ಲ. ಕ್ರಿಕೆಟ್‌ನಂತೆ ಅದನ್ನು ಯಾರೂ ನಮ್ಮತ್ತ ಎಸೆಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಹಾಗಾದ್ರೆ ಜೋರಾಗಿ ಹೊಡೆದರೆ ಸಾಕಲ್ವಾ? ಸಾಲದು. ಕೋಲಿನ ತಲೆಗೆ ಪೂರ್ತಿ ವೇಗ ಬರಬೇಕಾದರೆ ಮಣಿಕಟ್ಟು ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಬೇಕು.

ಆಟಗಾರ ಕೋಲನ್ನು ಮೇಲೆತ್ತಿದಾಗ ಗಮನಿಸಿ. ತೋಳು ಒಂದು ದಿಕ್ಕಿನಲ್ಲಿ, ಕೋಲು ಇನ್ನೊಂದು ದಿಕ್ಕಿನಲ್ಲಿ ಇರುತ್ತವೆ. ನಡುವೆ ಮಣಿಕಟ್ಟಿನಲ್ಲಿ ಸುಮಾರು 90 ಡಿಗ್ರಿ ಕೋನ. ಅಂದರೆ ಒಂದು ಲೋಲಕದ ತುದಿಗೆ ಇನ್ನೊಂದು ಲೋಲಕ ಕಟ್ಟಿದಂತೆ. ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರ ತಮ್ಮ ಪುಸ್ತಕದಲ್ಲಿ ಗಾಲ್ಫ್ ಬೀಸನ್ನು ಇಂಥ ಜೋಡಿ ಲೋಲಕವಾಗಿಯೇ ವಿವರಿಸಿದರು.

ಈ ಕೋನದಿಂದ ಏನು ಲಾಭ? ಒಂದು ಉದ್ದನೆಯ ಪೊರಕೆಯನ್ನು ನಡುವೆ ಹಿಡಿದು ತಿರುಗಿಸಿ, ಆಮೇಲೆ ತುದಿಯಲ್ಲಿ ಹಿಡಿದು ತಿರುಗಿಸಿ. ಎರಡನೆಯದು ಕಷ್ಟ. ತೂಕ ಅಷ್ಟೇ ಇದ್ದರೂ ಅದು ತಿರುಗುವ ಕೇಂದ್ರದಿಂದ ದೂರ ಹೋದಷ್ಟೂ ತಿರುಗಲು ಹೆಚ್ಚು ವಿರೋಧ ಒಡ್ಡುತ್ತದೆ. ಈ ವಿರೋಧ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಈಗ ಲೆಕ್ಕ ಮಾಡೋಣ. ತೋಳು 0.6 ಮೀಟರ್, ಕೋಲು 1.1 ಮೀಟರ್ ಎಂದಿಟ್ಟುಕೊಳ್ಳಿ. ಎರಡೂ ನೇರವಾಗಿದ್ದರೆ ಭುಜದಿಂದ ಕೋಲಿನ ತಲೆಗೆ 1.7 ಮೀಟರ್. ಅದರ ವರ್ಗ 2.89. ನಡುವೆ ಲಂಬಕೋನವಿದ್ದರೆ ಪೈಥಾಗೊರಸ್ ಪ್ರಮೇಯದಂತೆ ದೂರದ ವರ್ಗ 0.36 + 1.21 = 1.57. ಭಾಗಿಸಿ ನೋಡಿ: ಸುಮಾರು 1.84. ಅಂದರೆ ಕೋಲು ನೇರವಾಗಿದ್ದಾಗ ಅದರ ತಲೆಯನ್ನು ತಿರುಗಿಸುವುದು ಹತ್ತಿರ ಹತ್ತಿರ ಎರಡು ಪಟ್ಟು ಕಷ್ಟ! ಆದ್ದರಿಂದ ಬೀಸಿನ ಮೊದಲ ಭಾಗದಲ್ಲಿ ಕೋನ ಹಾಗೇ ಇದ್ದರೆ ತೋಳು ಬೇಗ ವೇಗ ಪಡೆಯುತ್ತದೆ.

ಮುಂದೆ ಕೋನ ಬಿಚ್ಚುವವರು ಯಾರು? ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿದರೆ ದಾರ ತಾನಾಗಿಯೇ ಬಿಗಿಯುತ್ತದಲ್ಲ, ಇಲ್ಲಿಯೂ ಹಾಗೇ. ಕೋಲಿನ ತಲೆ ನೇರ ಗೆರೆಯಲ್ಲಿ ಹೋಗಲು ನೋಡುತ್ತದೆ, ಕೈ ಅದನ್ನು ವೃತ್ತದೊಳಕ್ಕೆ ಎಳೆಯುತ್ತದೆ. ವೇಗ ಹೆಚ್ಚಿದಂತೆ ಕೋಲು ಹೊರಕ್ಕೆ ಚಾಚಿಕೊಳ್ಳುತ್ತದೆ. ಕೈ ಕೋಲನ್ನು ಎಳೆದರೆ ಕೋಲೂ ಕೈಯನ್ನು ಹಿಂದಕ್ಕೆ ಎಳೆಯುತ್ತದೆ, ಇದು ನ್ಯೂಟನ್ನನ ಮೂರನೇ ನಿಯಮ. ಹೀಗೆ ಕೈ ನಿಧಾನವಾಗುತ್ತದೆ, ಅದರ ಶಕ್ತಿ ಕೋಲಿನ ತಲೆಗೆ ಸೇರುತ್ತದೆ. ಪುರುಷ ವೃತ್ತಿಪರ ಆಟಗಾರರ ಕೋಲಿನ ತಲೆ ಸೆಕೆಂಡಿಗೆ ಸುಮಾರು 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಚೆಂಡಿಗೆ ತಾಗುತ್ತದೆ.

ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಆತುರ. ಜೋರಾಗಿ ಹೊಡೆಯಬೇಕು ಅಂತ ಮೇಲಿನಿಂದಲೇ ಮಣಿಕಟ್ಟನ್ನು ಬಿಚ್ಚಿಬಿಡುತ್ತಾರೆ. ಆಗ ತೋಳಿಗೆ ಭಾರ ಹೆಚ್ಚಿ ವೇಗ ಏರುವುದಿಲ್ಲ, ಕೋಲಿನ ತಲೆ ಚೆಂಡು ತಲುಪುವ ಮೊದಲೇ ತನ್ನ ಗರಿಷ್ಠ ವೇಗ ಮುಟ್ಟಿರುತ್ತದೆ. ಎಷ್ಟೋ ಸಲ ಕೋಲು ಚೆಂಡಿನ ಹಿಂದಿನ ನೆಲಕ್ಕೇ ಬಡಿಯುತ್ತದೆ. ಅತಿಯಾಗಿ ತಡೆದು ಹಿಡಿದರೂ ಕಷ್ಟವೇ. ಕೈ ಚೆಂಡನ್ನು ದಾಟಿದರೂ ಕೋಲಿನ ತಲೆ ಹಿಂದೆಯೇ ಉಳಿಯುತ್ತದೆ. ಅದರ ಮುಖ ಪೂರ್ತಿ ತಿರುಗದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಹೋಗುತ್ತದೆ.

ಕೋಲು ಮೇಲಿನಿಂದ ಚೆಂಡಿನವರೆಗೆ ಬರಲು ಸುಮಾರು ಕಾಲು ಸೆಕೆಂಡು ಸಾಕು. ಕಂಡದ್ದಕ್ಕೆ ಕೈ ಸ್ಪಂದಿಸಲು ನಮಗೆ ಸುಮಾರು 0.2 ಸೆಕೆಂಡು ಬೇಕು. "ಈಗ ಬಿಚ್ಚಲಾ?" ಎಂದು ಯೋಚಿಸಲು ಸಮಯವೇ ಇಲ್ಲ! ಹಾಗಾಗಿ ಮಣಿಕಟ್ಟನ್ನು ಬಿಗಿಹಿಡಿಯದೆ ಸಡಿಲವಾಗಿ ಇಟ್ಟು, ಮೈ ಮತ್ತು ತೋಳು ಮೊದಲು ತಿರುಗುವಂತೆ ಅಭ್ಯಾಸ ಮಾಡಬೇಕು. ಆಗ ಕೋಲು ತನ್ನ ಹೊತ್ತಿಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಮಾಡಿ ನೋಡಿ: ಒದ್ದೆ ಟವೆಲಿನ ತುದಿಗೆ ಒಂದು ಗಂಟು ಹಾಕಿ. ಹತ್ತಿರ ಯಾರೂ ಇಲ್ಲದ ಕಡೆ, ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಹಾಗೆ ಬೀಸಿ. ಕೈ ಮೊದಲು ಬರುತ್ತದೆ, ಗಂಟು ಕೊನೆಗೆ. ಕೈ ನಿಧಾನವಾಗುವ ಹೊತ್ತಿಗೇ ಗಂಟು ರಪ್ಪನೆ ಮುನ್ನುಗ್ಗುತ್ತದೆ.

ಲೆಕ್ಕ ಮಾಡಿ: ನಿಮ್ಮ ತೋಳು 0.5 ಮೀಟರ್, ಕೋಲು 0.9 ಮೀಟರ್ ಇದ್ದರೆ ಮೇಲಿನ 1.84ರ ಬದಲು ಎಷ್ಟು ಬರುತ್ತದೆ? (ಉತ್ತರ: ಸುಮಾರು 1.85)